ಅಂಗಿಯ ಮೇಲಿನ ಮೃಗ



ಮೊನ್ನೆ ಒಂದು ಭಾನುವಾರ ಎರಡನೇ ಪೂಜೆ ಮುಗಿಸಿ ನಾವು ಪೂಜಾವಸ್ತ್ರ ಕಳಚುವಷ್ಟರಲ್ಲಿ ಸಕ್ರಿಸ್ತಿಯ ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತಿದ್ದರು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿಟ್ಟ ಕಪ್ಪು ಟೀ-ಶರ್ಟು.

"ಫಾದರ್, ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ? ಒಗೆಯಲಿಕ್ಕೆ ತೆಗೆದಾಗ ಕೈ ನಡುಗಿತು."

ಬಿಡಿಸಿ ನೋಡಿದೆವು. ಎಲುಬಿಗೆ ಅಂಟಿದ ಚರ್ಮ, ಕಿರಿದ ಹಲ್ಲು, ಕೆದರಿದ ಕೂದಲಿನ ಒಂದು ಆಕೃತಿ. ಅದರ ಕೈಯಲ್ಲಿ ಗೊಂಬೆಯಾಟದ ದಾರ, ದಾರದ ತುದಿಯಲ್ಲಿ ಕೊಂಬಿನ ಸೈತಾನ. ಆ ಸೈತಾನನ ಕೈಯಲ್ಲೂ ದಾರ, ಅದರ ತುದಿಯಲ್ಲಿ ಅದೇ ಆಕೃತಿಯ ಚಿಕ್ಕದೊಂದು ಗೊಂಬೆ. ಹಗಲು ಹತ್ತೂವರೆ ಗಂಟೆಗೆ ನೋಡಿದರೂ ಸುಖವೆನಿಸುವ ಚಿತ್ರವಲ್ಲ, ನಿಜ.

ಮಗ ಪ್ಲಸ್ ಟು ಓದುವ ಹುಡುಗ. ಹೊರಗೆ ಬೈಕುಗಳ ಪಕ್ಕ ತಲೆ ತಗ್ಗಿಸಿ ನಿಂತಿದ್ದವನನ್ನು ಕರೆದು, "ಯಾರಪ್ಪಾ ಈ ದೆವ್ವ?" ಎಂದು ಕೇಳಿದೆವು.

"ಅದು ದೆವ್ವ ಅಲ್ಲ ಫಾದರ್, ಎಡ್ಡಿ," ಎಂದ. ನಮ್ಮ ಅಜ್ಞಾನಕ್ಕೆ ಅವನಿಗೆ ನಿಜವಾಗಿಯೂ ಮರುಕವಾದಂತಿತ್ತು.

ತಾಯಿಗೆ ಆಗಲೇ ಉತ್ತರ ಬೇಕಿತ್ತು. ಸುಡಿ ಎನ್ನುವುದು ಸುಲಭ, ಏನೂ ಆಗುವುದಿಲ್ಲ ಬಿಡಿ ಎನ್ನುವುದು ಇನ್ನೂ ಸುಲಭ. ನಾವು ಎರಡನ್ನೂ ಹೇಳದೆ ಹದಿನೈದು ದಿನ ಸಮಯ ಕೇಳಿದೆವು. ಹಾಗೆ ಕೇಳುವುದಕ್ಕೆ ನಮಗೊಂದು ಹಳೆಯ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇವೆ. ಹುಡುಗನಿಗೆ ಮಾತ್ರ, "ನಿನಗೆ ಇಷ್ಟವಾದ ಹಾಡುಗಳನ್ನು ಬರೆದು ಕೊಡು, ಕೇಳುತ್ತೇವೆ" ಎಂದೆವು. ಅವನು ನಂಬಲಿಲ್ಲ. ಆದರೂ ಸಂಜೆಯ ಜಪಸರದ ಹೊತ್ತಿಗೆ ನೋಟು ಪುಸ್ತಕದ ಒಂದು ಹಾಳೆ ತಂದುಕೊಟ್ಟ.

ನಮ್ಮ ಈ ಕಾಸರಗೋಡಿನ ಕಡೆಯ ಮನೆಗಳ ಸಂಗತಿ ನಿಮಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮತ್ತು ದೇವಾಲಯದಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಳದಲ್ಲಿ ತುಳು. ಈಗ ಇವುಗಳ ಮೇಲೆ ಮಕ್ಕಳ ಕಿವಿಯೊಳಗೆ ಇಂಗ್ಲಿಷಿನ ರಾಕ್ ಹಾಡು. ಅದರ ಒಂದು ಮಾತೂ ತಾಯಿಗೆ ತಿಳಿಯುವುದಿಲ್ಲ. ತಿಳಿಯುವುದು ಚಿತ್ರ ಮಾತ್ರ, ಮತ್ತು ಚಿತ್ರ ಹೆದರಿಸುವಂಥದ್ದು. ಹಾಗಾಗಿ ಈ ತಿಂಗಳ ಅಂಕಣವನ್ನು ಆ ಹಾಳೆಯಲ್ಲಿದ್ದ ರಾಕ್ಷಸರಿಗೇ ಬಿಟ್ಟುಕೊಡುತ್ತೇವೆ.

ಮೊದಲು ಎಡ್ಡಿ. ಇವನು ಐರನ್ ಮೇಡನ್ ಎಂಬ ಇಂಗ್ಲೆಂಡಿನ ತಂಡದ ಲಾಂಛನ. ಲಂಡನ್ನಿನಲ್ಲಿ 1975ರಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಮ್ 1980ರಲ್ಲಿ ಬಂದಾಗಿನಿಂದ ಎಡ್ಡಿ ಅದರ ಹೊದಿಕೆಗಳ ಮೇಲೆ ಇದ್ದಾನೆ. ಡೆರೆಕ್ ರಿಗ್ಸ್ ಎಂಬ ಕಲಾವಿದ ಬರೆದ ಆಕೃತಿ. ಅಂಗಿಯ ಮೇಲಿದ್ದ ಗೊಂಬೆಯಾಟದ ಚಿತ್ರ 1982ರ ಮಾರ್ಚ್‌ನಲ್ಲಿ ಬಂದ 'ದಿ ನಂಬರ್ ಆಫ್ ದಿ ಬೀಸ್ಟ್' ಆಲ್ಬಮಿನದು, ಎಂದರೆ 'ಮೃಗದ ಸಂಖ್ಯೆ'. ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸ್ ರಾತ್ರಿ ಸೈತಾನನ ಮಗನ ಕಥೆಯ ಒಂದು ಭಯಾನಕ ಚಲನಚಿತ್ರ ನೋಡಿ ಮಲಗಿ, ಕೆಟ್ಟ ಕನಸು ಕಂಡು, ಅದನ್ನೇ ಹಾಡಾಗಿಸಿದರು. ಹಾಡಿನ ಮೊದಲಿಗೆ ಪ್ರಕಟಣಾ ಗ್ರಂಥದ ವಾಕ್ಯಗಳನ್ನು ಗಂಭೀರ ದನಿಯಲ್ಲಿ ಓದಿಸಿದ್ದಾರೆ. ಅಮೆರಿಕದಲ್ಲಿ ಕೆಲವು ಕ್ರೈಸ್ತ ಗುಂಪುಗಳು ಇದನ್ನು ಸೈತಾನನ ಆರಾಧನೆ ಎಂದು ಖಂಡಿಸಿ ತಟ್ಟೆಗಳನ್ನು ಬೆಂಕಿಗೆ ಹಾಕಿದವು. ತಮಾಷೆಯೆಂದರೆ, ಆ ಆಲ್ಬಮ್ ಬಂದ ವರ್ಷವೇ ತಂಡ ಸೇರಿದ ಡ್ರಮ್ ವಾದಕ ನಿಕೋ ಮೆಕ್‌ಬ್ರೈನ್ 1999ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಬಂದರು. ಬಂದ ಮೇಲೂ ಅದೇ ತಂಡದಲ್ಲಿ ಅದೇ ಹಾಡಿಗೆ ಡ್ರಮ್ ಬಾರಿಸಿದರು.

2007ರ ಮಾರ್ಚ್ 17ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಆಗ ನಾವು ದೇವಶಾಸ್ತ್ರದ ವಿದ್ಯಾರ್ಥಿ. ಪತ್ರಿಕೆಯಲ್ಲಿ ಕಪ್ಪು ಅಂಗಿಯ ಹುಡುಗರ ಚಿತ್ರ ನೋಡಿ, ದೇವರೇ ಕಾಪಾಡಪ್ಪಾ ಎಂದುಕೊಂಡು ಪುಟ ತಿರುಗಿಸಿದ್ದು ನೆನಪಿದೆ.

ವಿಚಿತ್ರವೆಂದರೆ ಅದೇ ವರ್ಷ ಗುರುಮಠದಲ್ಲಿ ನಾವು ಪ್ರಕಟಣಾ ಗ್ರಂಥ ಓದುತ್ತಿದ್ದೆವು. ಕಲಿಸುತ್ತಿದ್ದ ಹಿರಿಯ ಗುರುಗಳು ಹದಿಮೂರನೇ ಅಧ್ಯಾಯಕ್ಕೆ ಬಂದಾಗ ಕಪ್ಪು ಹಲಗೆಯ ಮೇಲೆ ಹೀಬ್ರೂ ಅಕ್ಷರಗಳಲ್ಲಿ 'ನೇರೋನ್ ಕೇಸರ್' ಎಂದು ಬರೆದು, ಪ್ರತಿ ಅಕ್ಷರದ ಕೆಳಗೆ ಅದರ ಬೆಲೆ ಹಾಕಿ ಕೂಡಿಸಲು ಹೇಳಿದರು. ಕೂಡಿಸಿದರೆ 666. ಸಮುದ್ರದಿಂದ ಮೇಲೆ ಬಂದ, ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿಯ ಮೃಗ ಯಾವುದೋ ಕಾಡಿನದಲ್ಲ, ಅದು ರೋಮ್ ಸಾಮ್ರಾಜ್ಯ. ಅದಕ್ಕೂ ಹಿಂದೆ ದಾನಿಯೇಲನ ಗ್ರಂಥದ ಏಳನೇ ಅಧ್ಯಾಯದಲ್ಲಿ ನಾಲ್ಕು ರಾಜ್ಯಗಳು ನಾಲ್ಕು ಮೃಗಗಳಾಗಿ ಬಂದಿವೆ. ಆ ನಾಲ್ಕರ ಅಂಗಾಂಗಗಳನ್ನು ಸೇರಿಸಿ ಪ್ರಕಟಣಾ ಗ್ರಂಥದ ಒಂದೇ ಮೃಗ ಆಗಿದೆ. ನಮ್ಮನ್ನು ಆಳುವವನು ಹೀಗಿದ್ದಾನೆ ಎಂದು ಹೆಸರು ಹಿಡಿದು ಬರೆದರೆ ತಲೆ ಹೋಗುತ್ತಿದ್ದ ಕಾಲ ಅದು. ಮೃಗ ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತಿತ್ತು, ಕಾವಲುಗಾರನಿಗೆ ಆಗುತ್ತಿರಲಿಲ್ಲ.

ಒಂದು ರಾಕ್ಷಸ ಏತಕ್ಕಾಗಿ ನಿಂತಿದೆ ಎಂದು ಕೇಳುವ ಅಭ್ಯಾಸ ನಮಗೆ ಹಿಡಿದದ್ದು ಆ ತರಗತಿಯಲ್ಲಿ. ಆದರೆ ಅಂದು ಪತ್ರಿಕೆಯ ಪುಟ ತಿರುಗಿಸುವಾಗ ಆ ಪ್ರಶ್ನೆ ನಮಗೆ ಹೊಳೆಯಲಿಲ್ಲ.

ಈಗ ಕೇಳಿ ಹೇಳುವುದಾದರೆ, ಐರನ್ ಮೇಡನ್ನಿನ ಹಾಡಿನಲ್ಲಿ ಮೃಗ ಯಾವುದಕ್ಕಾಗಿಯೂ ನಿಂತಿಲ್ಲ. ರೋಮ್ ಇಲ್ಲ, ನೇರೋ ಇಲ್ಲ. ಕತ್ತಲಲ್ಲಿ ಬೆಂಕಿ ಕಂಡು ಹೆದರಿದವನೊಬ್ಬನ ಕಥೆ ಅಷ್ಟೆ. ನಮ್ಮ ಬಯಲಾಟದಲ್ಲಿ ನಡುರಾತ್ರಿ ರಾಳದ ಪುಡಿಯ ಬೆಂಕಿ ಹಾರಿಸಿಕೊಂಡು, ಅಟ್ಟಹಾಸ ಮಾಡುತ್ತ ಬಣ್ಣದ ವೇಷ ರಂಗಕ್ಕೆ ಬಂದಾಗ ಮಕ್ಕಳು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ, ಆಮೇಲೆ ಒಂದು ಕಣ್ಣು ಮಾತ್ರ ಹೊರಗೆ ಹಾಕಿ ನೋಡುವುದಿಲ್ಲವೇ? ಎಡ್ಡಿ ಅಂಥ ವೇಷ. ಅವನಿಂದ ಅಪಾಯ ಕಡಿಮೆ. ಅರ್ಥವೂ ಕಡಿಮೆಯೇ. ಇದನ್ನು ಹೇಳಿದಾಗ ಹುಡುಗನಿಗೆ ತುಸು ಬೇಸರವಾಯಿತು. ಅಪಾಯಕಾರಿ ಎಂದು ನಾವು ಹೇಳಿದ್ದರೆ ಅವನಿಗೆ ಹೆಚ್ಚು ಸಂತೋಷವಾಗುತ್ತಿತ್ತೋ ಏನೋ.

ಹಾಳೆಯಲ್ಲಿ ಎರಡನೇ ಹೆಸರು ಬ್ಲ್ಯಾಕ್ ಸಬ್ಬತ್. ಇಲ್ಲಿ ವಿಷಯ ಗಟ್ಟಿಯಾಗುತ್ತದೆ.

ಇದು 1968ರಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ ನಾಲ್ವರು ಬಡ ಹುಡುಗರು ಕಟ್ಟಿದ ತಂಡ. ಗಿಟಾರಿನ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡು ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದರು. ಹಾಡುಗಾರ ಓಝಿ ಓಸ್ಬೋರ್ನ್ ಅವರ ತಂದೆ ಕಾರ್ಖಾನೆಯಲ್ಲಿ ಹತ್ಯಾರು ಮಾಡುವ ಕೆಲಸದವರು. ನಾಲ್ವರೂ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಅಲ್ಯೂಮಿನಿಯಂ ಶಿಲುಬೆಗಳನ್ನು ಅವರೇ ಮಾಡಿಕೊಟ್ಟದ್ದು. ಹಾಡುಗಳನ್ನು ಹೆಚ್ಚಾಗಿ ಬರೆದವರು ಗೀಝರ್ ಬಟ್ಲರ್. ಐರಿಷ್ ಕಥೋಲಿಕ ಕುಟುಂಬದ ಏಳನೇ ಮಗು. ಸೈತಾನನ ತಂಡ ಎಂದು ಜಗತ್ತೆಲ್ಲ ಕರೆದ ಈ ತಂಡದ ಪದಗಳು ಬಂದದ್ದು ಧರ್ಮೋಪದೇಶ ಕಲಿತ ಒಬ್ಬ ಹುಡುಗನಿಂದ!

1970ರಲ್ಲಿ ಅವರು ಬರೆದ 'ವಾರ್ ಪಿಗ್ಸ್' ಹಾಡಿಗೆ ಮೊದಲಿದ್ದ ಹೆಸರು 'ವಾಲ್ಪುರ್ಗಿಸ್', ಎಂದರೆ ಮಾಟಗಾತಿಯರು ಸೇರುವ ರಾತ್ರಿ. ಧ್ವನಿಮುದ್ರಣ ಕಂಪೆನಿಗೆ ಅದು ಸೈತಾನನ ಹೆಸರೆಂದು ಕಂಡಿತು, ಬದಲಿಸಬೇಕಾಯಿತು. ಆದರೆ ಹಾಡಿನಲ್ಲಿ ಮಾಟ ಮಾಡುವವರು ಯಾರು? ಸೇನಾಧಿಪತಿಗಳು, ರಾಜಕಾರಣಿಗಳು. ಮೇಜಿನ ಹಿಂದೆ ಕುಳಿತು ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸುವವರು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಯುದ್ಧವೇ ನಿಜವಾದ ದೊಡ್ಡ ಸೈತಾನ ಎಂಬ ಅರ್ಥದಲ್ಲಿ ಬರೆದೆ ಎಂದು ಬಟ್ಲರ್ ಆಮೇಲೆ ಹಲವು ಸಲ ವಿವರಿಸಿದ್ದಾರೆ. ಕೊನೆಯಲ್ಲಿ ನ್ಯಾಯತೀರ್ಪಿನ ದಿನ ಬರುತ್ತದೆ, ದೊಡ್ಡವರು ಮೊಣಕಾಲೂರುತ್ತಾರೆ. ಯಾವ ಪ್ರಸಂಗಪೀಠದಿಂದಲೂ ಹೇಳಬಹುದಾದ ಮಾತು.

ಅದೇ ಆಲ್ಬಮಿನ 'ಐರನ್ ಮ್ಯಾನ್' ನಮಗೆ ಇನ್ನೂ ಹೆಚ್ಚು ಹಿಡಿಸಿತು. (ಸಿನಿಮಾದ ಐರನ್ ಮ್ಯಾನ್ ಬೇರೆ, ಇದು ಬೇರೆ.) ಒಬ್ಬ ಮನುಷ್ಯ ಭವಿಷ್ಯಕ್ಕೆ ಹೋಗಿ ಲೋಕದ ನಾಶವನ್ನು ಕಾಣುತ್ತಾನೆ. ಜನರನ್ನು ಎಚ್ಚರಿಸಲು ಹಿಂದಿರುಗುವಾಗ ಅವನ ಮೈ ಉಕ್ಕಾಗಿಬಿಡುತ್ತದೆ, ಮಾತು ನಿಂತುಹೋಗುತ್ತದೆ. ಬೀದಿಯಲ್ಲಿ ನಿಂತ ಅವನನ್ನು ಜನ ನೋಡಿ ನಗುತ್ತಾರೆ, ದಾಟಿ ಹೋಗುತ್ತಾರೆ. ಯಾರೂ ಏನಾಯಿತೆಂದು ಕೇಳುವುದಿಲ್ಲ. ಕೊನೆಗೆ ಅವನೇ ಸಿಟ್ಟಿಗೆದ್ದು, ತಾನು ಕಂಡಿದ್ದ ನಾಶವನ್ನು ತಾನೇ ಮಾಡುತ್ತಾನೆ. ರಾಕ್ಷಸ ಹುಟ್ಟಿದ್ದು ಕೆಡುಕಿನಿಂದಲ್ಲ, ಯಾರೂ ಮಾತಾಡಿಸದೆ ಇದ್ದುದರಿಂದ. ಈ ಹಾಡನ್ನು ಕೇಳುವಾಗ ನಮಗೆ ನಮ್ಮದೇ ಧರ್ಮಕೇಂದ್ರದ ಎರಡು ಮೂರು ಮುಖಗಳು ಕಣ್ಣೆದುರು ಬಂದವು. ಹಬ್ಬದ ದಿನ ಕೊನೆಯ ಕಂಬದ ಹಿಂದೆ ನಿಂತು, ಆಶೀರ್ವಾದಕ್ಕೆ ಮೊದಲೇ ಹೊರಟುಹೋಗುವ ಹುಡುಗರು. ಅವರಲ್ಲಿ ಒಬ್ಬನ ಹೆಸರು ಕೂಡ ನಮಗೆ ಗೊತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

1971ರಲ್ಲಿ ಇದೇ ತಂಡ 'ಆಫ್ಟರ್ ಫಾರೆವರ್' ಎಂಬ ಹಾಡಿನಲ್ಲಿ, ದೇವರಿಲ್ಲ ಎಂದು ಗೆಳೆಯರ ನಡುವೆ ಜಂಬ ಕೊಚ್ಚುವವರನ್ನು ನೇರವಾಗಿ ಪ್ರಶ್ನಿಸಿತು. ಅದನ್ನು ಬರೆದವರೂ ಬಟ್ಲರ್. ಆದರೂ ಸೈತಾನನ ತಂಡ ಎಂಬ ಹೆಸರು ಹೋಗಲಿಲ್ಲ. ಆ ಹೆಸರಿನಿಂದ ತಟ್ಟೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು ಎಂಬುದನ್ನೂ ಹೇಳಬೇಕು. ಅವರೇನು ಸಂತರಲ್ಲ. ಓಝಿ ಅವರ ಕುಡಿತ, ಮಾದಕವಸ್ತುಗಳ ಕಥೆ ಲೋಕಕ್ಕೆಲ್ಲ ಗೊತ್ತು. 2025ರ ಜುಲೈ 5ರಂದು ಹುಟ್ಟೂರಿನಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ನಡೆಯಲಾಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಕೊನೆಯ ಬಾರಿ ಹಾಡಿದರು. ಹದಿನೇಳು ದಿನಗಳ ಬಳಿಕ, ಜುಲೈ 22ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಡೀ ದೇಶವನ್ನೇ ರಾಕ್ಷಸ ಎಂದವರೂ ಇದ್ದಾರೆ. ಸ್ಟೆಪನ್‌ವುಲ್ಫ್ ತಂಡದ 1969ರ ಹಾಡಿನ ಹೆಸರೇ 'ಮಾನ್‌ಸ್ಟರ್'. ಸ್ವಾತಂತ್ರ್ಯ ಹುಡುಕಿ ಬಂದವರು ಕಟ್ಟಿದ ಅಮೆರಿಕ, ಮೂಲನಿವಾಸಿಗಳನ್ನು ಕೊಂದು, ಗುಲಾಮರನ್ನು ದುಡಿಸಿ, ಕೊನೆಗೆ ತನ್ನ ಮಕ್ಕಳ ಮಾತನ್ನೇ ಕೇಳದ ರಾಕ್ಷಸನಾಯಿತು ಎಂದು ಒಂಬತ್ತು ನಿಮಿಷ ಹಾಡಿದರು. ಹಾಡಿದ ಜಾನ್ ಕೇ ಹುಟ್ಟಿದ್ದು 1944ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಟಿಲ್ಸಿಟ್‌ನಲ್ಲಿ. ಹುಟ್ಟುವ ಒಂದು ತಿಂಗಳ ಮೊದಲು ತಂದೆ ಯುದ್ಧದಲ್ಲಿ ಸತ್ತಿದ್ದರು. ಸೋವಿಯೆತ್ ಸೈನ್ಯ ಬರುತ್ತಿದ್ದಂತೆ ತಾಯಿ ಕೈಗೂಸನ್ನು ಎತ್ತಿಕೊಂಡು ಓಡಿದರು, ಕೆಲವು ವರ್ಷಗಳ ಬಳಿಕ ಮತ್ತೆ ಪೂರ್ವ ಜರ್ಮನಿಯ ಗಡಿ ದಾಟಿದರು. ದೇಶವೊಂದು ರಾಕ್ಷಸನಾಗುವುದು ಅವರಿಗೆ ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ. ದಾನಿಯೇಲನ ಮೃಗಗಳಿಗೆ ಹತ್ತಿರದ ಸಂಬಂಧಿ ಈ ಹಾಡೇ ಎಂದು ನಮಗೆ ಅನಿಸಿತು. ಹುಡುಗ ಮಾತ್ರ, "ಅದು ತುಂಬಾ ಉದ್ದ ಫಾದರ್" ಎಂದ. ಹಾಳೆಯಲ್ಲಿ ಅದನ್ನು ಸೇರಿಸಿದ್ದು ಅವನ ಮಾವನಂತೆ.

ಮೂರನೆಯ ಬಗೆಯ ರಾಕ್ಷಸ ಒಳಗಿನದು. 2011ರ ಅಕ್ಟೋಬರ್ 30ರಂದು ಬೆಂಗಳೂರಿಗೆ ಬಂದಿದ್ದ ಮೆಟಾಲಿಕಾ ತಂಡದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನಲ್ಲಿ ಮಾತಾಡುವುದು ಮಾದಕವಸ್ತುವೇ. ನಾನು ಯಜಮಾನ, ನೀನು ಗೊಂಬೆ ಎಂದು ಅದು ಮನುಷ್ಯನಿಗೆ ಹೇಳುತ್ತದೆ. ಹಾಡಿದ ಜೇಮ್ಸ್ ಹೆಟ್‌ಫೀಲ್ಡ್ ಸ್ವತಃ ಕುಡಿತ ಬಿಡಲು 2001ರಲ್ಲಿ ಚಿಕಿತ್ಸೆಗೆ ಸೇರಬೇಕಾಯಿತು. ಆ ದಿನಗಳಲ್ಲಿ ತಂಡ ಒಡೆಯುವ ಹಂತಕ್ಕೆ ಬಂದದ್ದನ್ನು ತೋರಿಸುವ ಸಾಕ್ಷ್ಯಚಿತ್ರ 2004ರಲ್ಲಿ ಬಂತು. ಅದರ ಹೆಸರು 'ಸಮ್ ಕೈಂಡ್ ಆಫ್ ಮಾನ್‌ಸ್ಟರ್', ಒಂದು ಬಗೆಯ ರಾಕ್ಷಸ. ಕುಡಿತದ ಮನೆಯಲ್ಲಿ ಬೆಳೆದವರಿಗೆ ಈ ಹೆಸರಿನ ಅರ್ಥ ವಿವರಿಸಬೇಕಾಗಿಲ್ಲ.

ಹಾಳೆಯ ಕೊನೆಯಲ್ಲಿದ್ದ ಹೆಸರು ನೋಡಿ ನಾವು ಸ್ವಲ್ಪ ಹೊತ್ತು ಹಾಗೆಯೇ ಕುಳಿತೆವು. 'ಝೋಂಬಿ', ಕ್ರ್ಯಾನ್‌ಬೆರೀಸ್.

ಝೋಂಬಿ ಎಂದರೆ ನಡೆದಾಡುವ ಹೆಣ. ನಮ್ಮ ಬೇತಾಳನೂ ಹೆಣದೊಳಗೆ ಇರುವವನೇ. ಆದರೆ ಬೇತಾಳ ಕಥೆ ಹೇಳುತ್ತಾನೆ, ಪ್ರಶ್ನೆ ಕೇಳುತ್ತಾನೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆಯುತ್ತದೆ ಎಂದು ಹೆದರಿಸುತ್ತಾನೆ. ಝೋಂಬಿಗೆ ಕಥೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಈ ಕಲ್ಪನೆ ಬಂದದ್ದು ಹೈಟಿಯಿಂದ. ಅಲ್ಲಿನ ಫ್ರೆಂಚರ ಕಬ್ಬಿನ ತೋಟಗಳಿಗೆ ಆಫ್ರಿಕದಿಂದ ತಂದ ಗುಲಾಮರಿಗೆ ಸಾವೊಂದೇ ಬಿಡುಗಡೆಯಾಗಿತ್ತು. ಸತ್ತ ಮೇಲೂ ಮಾಂತ್ರಿಕನೊಬ್ಬ ಎಬ್ಬಿಸಿ, ಮನಸ್ಸಿಲ್ಲದ ಮೈಯನ್ನು ಮತ್ತೆ ದುಡಿಸಿಬಿಟ್ಟರೆ? ಆ ಭಯದ ಹೆಸರು ಝೋಂಬಿ. ಸಿನಿಮಾದವರು ಅದನ್ನು ಮಾಂಸ ತಿನ್ನುವ ಹೆಣಗಳಾಗಿ ಮಾಡಿದ್ದು ಬಹಳ ಆಮೇಲೆ.

ಈ ಹೆಸರಿನ ಹಾಡು ಬರೆದವರು ಡೊಲೊರೆಸ್ ಓ'ರಿಯರ್ಡನ್. 1971ರಲ್ಲಿ ಐರ್ಲೆಂಡಿನ ಲಿಮರಿಕ್ ಜಿಲ್ಲೆಯ ಬ್ಯಾಲಿಬ್ರಿಕನ್ ಎಂಬ ಹಳ್ಳಿಯ ಕಥೋಲಿಕ ಮನೆಯಲ್ಲಿ ಕೊನೆಯ ಮಗುವಾಗಿ ಹುಟ್ಟಿದರು. ತಾಯಿ ವ್ಯಾಕುಲಮಾತೆಯ ಹೆಸರನ್ನೇ ಮಗಳಿಗೆ ಇಟ್ಟರು. ಡೊಲೊರೆಸ್ ಎಂದರೆ ವ್ಯಾಕುಲಗಳು. ನಮ್ಮ ಬೇಳದ ದೇವಾಲಯದ ಪಾಲಕಿಯೂ ಇದೇ ಮಾತೆಯಲ್ಲವೇ? ಹಳ್ಳಿಯ ದೇವಾಲಯದಲ್ಲಿ ಆರ್ಗನ್ ನುಡಿಸುತ್ತ, ಗಾನವೃಂದದಲ್ಲಿ ಹಾಡುತ್ತ ಬೆಳೆದ ಹುಡುಗಿ ಅವರು.

1993ರ ಮಾರ್ಚ್ 20, ಶನಿವಾರ. ಮರುದಿನ ಇಂಗ್ಲೆಂಡಿನಲ್ಲಿ ತಾಯಂದಿರ ಭಾನುವಾರ. ವಾರಿಂಗ್ಟನ್ ಪಟ್ಟಣದ ಬ್ರಿಜ್ ಸ್ಟ್ರೀಟಿನ ಅಂಗಡಿಗಳಲ್ಲಿ ಜನ ತುಂಬಿದ್ದರು. ಐ.ಆರ್.ಎ. ಎಂಬ ಐರಿಷ್ ಸಶಸ್ತ್ರ ಸಂಘಟನೆ ಕಸದ ಬುಟ್ಟಿಗಳಲ್ಲಿ ಇಟ್ಟಿದ್ದ ಎರಡು ಬಾಂಬುಗಳು ಸಿಡಿದವು. ಅಮ್ಮನಿಗೆ ಕೊಡಲು ಕಾರ್ಡು ಕೊಳ್ಳಲು ಬಂದಿದ್ದ ಮೂರು ವರ್ಷದ ಜೊನಾಥನ್ ಬಾಲ್ ಅಲ್ಲಿಯೇ ಸತ್ತ. ಹನ್ನೆರಡು ವರ್ಷದ ಟಿಮ್ ಪ್ಯಾರಿ ಐದು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಇಷ್ಟು ವರ್ಷಗಳಾದರೂ ಯಾರಿಗೂ ಶಿಕ್ಷೆಯಾಗಿಲ್ಲ.

ಡೊಲೊರೆಸ್ ಆಗ ತಂಡದೊಂದಿಗೆ ಇಂಗ್ಲೆಂಡಿನಲ್ಲಿಯೇ ಪ್ರವಾಸದಲ್ಲಿದ್ದರು. ಇಪ್ಪತ್ತೊಂದು ವಯಸ್ಸು. ಬಾಂಬು ಇಟ್ಟವರು ತನ್ನ ದೇಶದ ಹೆಸರಿನಲ್ಲಿ, ಒಂದು ಅರ್ಥದಲ್ಲಿ ತನ್ನ ಧರ್ಮದವರ ಹೆಸರಿನಲ್ಲಿ ಇಟ್ಟಿದ್ದರು. ಅದು ಅವರಿಗೆ ಸಹಿಸಲಾಗಲಿಲ್ಲ. ಮನೆಗೆ ಹೋಗಿ ಗಿಟಾರಿನಲ್ಲಿ ಹಾಡು ಕಟ್ಟಿದರು. 1994ರ ಸೆಪ್ಟೆಂಬರಿನಲ್ಲಿ ಅದು ಹೊರಬಂತು. ಚಿತ್ರೀಕರಣದಲ್ಲಿ ಬೆಲ್‌ಫಾಸ್ಟಿನ ಬೀದಿಗಳು, ಬಂದೂಕಿನ ಸೈನಿಕರು, ಗೋಡೆಗಳ ನಡುವೆ ಆಡುವ ಮಕ್ಕಳು. ಮೈಗೆಲ್ಲ ಬಂಗಾರದ ಬಣ್ಣ ಬಳಿದುಕೊಂಡು ಶಿಲುಬೆಯ ಮುಂದೆ ಹಾಡುವ ಡೊಲೊರೆಸ್.

ಗಮನಿಸಬೇಕಾದ್ದು ಏನೆಂದರೆ, ಈ ಹಾಡು ಬಾಂಬು ಇಟ್ಟವರನ್ನು ರಾಕ್ಷಸರು ಎಂದು ಕರೆಯುವುದಿಲ್ಲ. ಅವರ ತಲೆಯೊಳಗೆ ಯಾವಾಗಲೋ ಸತ್ತ ಯುದ್ಧವೊಂದು ಇನ್ನೂ ನಡೆಯುತ್ತಿದೆ, 1916ರ ಬಂಡಾಯದ ಕಾಲದಿಂದ ಅದೇ ನಡೆದುಕೊಂಡು ಬಂದಿದೆ ಎನ್ನುತ್ತದೆ. ಅಜ್ಜ ಕೊಟ್ಟ ದ್ವೇಷ, ಅಪ್ಪ ಕೊಟ್ಟ ದ್ವೇಷ. ಅದನ್ನು ಇವನು ಯೋಚಿಸಿ ಆರಿಸಿಕೊಂಡದ್ದಲ್ಲ. ಅದು ಇವನನ್ನು ನಡೆಸುತ್ತದೆ. ಹೈಟಿಯ ಗುಲಾಮ ಹೆದರಿದ್ದೂ ಇದಕ್ಕೇ. ಆ ಹುಡುಗಿಗೆ ಈ ಹಳೆಯ ಕಥೆ ಗೊತ್ತಿತ್ತೋ ಇಲ್ಲವೋ, ಪದ ಮಾತ್ರ ಸರಿಯಾದ ಜಾಗದಲ್ಲಿ ಬಿದ್ದಿದೆ.

ಟೀಕೆಯೂ ಬಂತು. ಬ್ರಿಟಿಷ್ ಸೈನಿಕರ ಗುಂಡಿಗೆ ಬಿದ್ದ ಐರಿಷ್ ಮಕ್ಕಳ ಬಗ್ಗೆ ಯಾಕೆ ಹಾಡಲಿಲ್ಲ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತ ಆ ಮೂವತ್ತು ವರ್ಷಗಳ ಹಿಂಸೆಯಲ್ಲಿ ಒಂದೇ ಕಡೆ ತಪ್ಪಿರಲಿಲ್ಲ. ಆದರೆ ತಮ್ಮವರು ಮಾಡಿದ್ದನ್ನು ತಮ್ಮವರೇ ಹೇಳುವುದಕ್ಕೆ ಬೇರೆಯೇ ಧೈರ್ಯ ಬೇಕು. 2001ರಲ್ಲಿ ಅವರು ವ್ಯಾಟಿಕನ್ನಿನ ಕ್ರಿಸ್ಮಸ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು, ಜಗದ್ಗುರು ಎರಡನೇ ಜಾನ್ ಪಾಲರನ್ನು ಕಂಡರು. ಬಾಲ್ಯದಲ್ಲಿ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಅನುಭವಿಸಿದ್ದನ್ನು 2013ರಲ್ಲಿ ತಾವಾಗಿಯೇ ಹೇಳಿಕೊಂಡರು. ಮನೋರೋಗವಿತ್ತು, ಕುಡಿತವಿತ್ತು. 2018ರ ಜನವರಿ 15ರಂದು ಲಂಡನ್ನಿನ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ, ಮದ್ಯದ ಅಮಲಿನಲ್ಲಿ ಮುಳುಗಿ ತೀರಿಕೊಂಡರು. ವಯಸ್ಸು 46, ಹೆಚ್ಚುಕಡಿಮೆ ನಮ್ಮ ಈಗಿನ ವಯಸ್ಸು. ಅಂತಿಮ ಪೂಜೆ ನಡೆದದ್ದು ಬ್ಯಾಲಿಬ್ರಿಕನ್ನಿನ ಅದೇ ದೇವಾಲಯದಲ್ಲಿ. ಆ ಹಾಡು ತನ್ನ ಮಗನ ಸಾವಿನಿಂದ ಹುಟ್ಟಿದ್ದೆಂದು ಟಿಮ್‌ನ ತಂದೆಗೆ ಗೊತ್ತಾದದ್ದೂ ಆ ವಾರದಲ್ಲಿಯೇ, ಇಪ್ಪತ್ತೈದು ವರ್ಷಗಳ ಬಳಿಕ.

ಈಗ ನಮ್ಮ ಹಳೆಯ ಕಾರಣ ಹೇಳಬೇಕು.

2009ರಲ್ಲಿ ನಾವು ಗುರುದೀಕ್ಷೆ ಪಡೆದ ಹೊಸತು, ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರು. ಯುವಜನರಿಗೆ ಮೂರು ದಿನಗಳ ಧ್ಯಾನಕೂಟ ಇಟ್ಟೆವು. ಪ್ರಸಂಗಕ್ಕೆ ಬಂದವರು ರಾಕ್ ಸಂಗೀತ ಸೈತಾನನ ಬಾಗಿಲು, ಉಲ್ಟಾ ನುಡಿಸಿದರೆ ಅವನ ದನಿ ಕೇಳಿಸುತ್ತದೆ ಎಂದರು. ಕೊನೆಯ ಸಂಜೆ ಮನೆಯಲ್ಲಿರುವ ಅಂಥ ಸಿ.ಡಿ.ಗಳನ್ನು ತಂದು ಬೆಂಕಿಗೆ ಹಾಕುವ ಕಾರ್ಯಕ್ರಮ. ಬೆಂಕಿ ಹೊತ್ತಿಸಿದವರು ನಾವೇ. ಗಾನವೃಂದಕ್ಕೆ ಗಿಟಾರ್ ನುಡಿಸುತ್ತಿದ್ದ ಹುಡುಗನೊಬ್ಬ ಬರಿಗೈಯಲ್ಲಿ ಬಂದಿದ್ದ. ಅವನ ಗಿಟಾರಿನ ಚೀಲದೊಳಗೆ ಒಂದು ಎಂ.ಪಿ.3 ಸಿ.ಡಿ. ಇದೆಯೆಂದು ಯಾರೋ ಹೇಳಿದರು. ತೆಗೆಸಿದೆವು. ಸ್ಕೆಚ್ ಪೆನ್ನಿನಲ್ಲಿ 'ಝೋಂಬಿ' ಎಂದು ಬರೆದಿತ್ತು. ಅದು ಏನು, ಯಾರ ಹಾಡು ಎಂದು ನಾವು ಕೇಳಲಿಲ್ಲ. ಹೆಸರೇ ಸಾಕಾಯಿತು. ಎಲ್ಲರ ಮುಂದೆ ಅವನ ಕೈಯಿಂದಲೇ ಹಾಕಿಸಿದೆವು. ಪ್ಲಾಸ್ಟಿಕ್ ಸುಡುವ ಕೆಟ್ಟ ವಾಸನೆ ಅಂಗಳವೆಲ್ಲ ತುಂಬಿತು, ಅದನ್ನೂ ಸೈತಾನನ ಲೆಕ್ಕಕ್ಕೇ ಬರೆದೆವು.

ಮುಂದಿನ ಭಾನುವಾರದಿಂದ ಅವನು ಗಾನವೃಂದಕ್ಕೆ ಬರಲಿಲ್ಲ. ಪೂಜೆಗೂ ಬರಲಿಲ್ಲ. ನಮಗೆ ವರ್ಗವಾಯಿತು, ಅವನು ಕೊಲ್ಲಿಗೆ ಹೋದನೆಂದು ಕೇಳಿದೆವು, ಅಷ್ಟೆ.

ಈ ಹಾಳೆ ಓದಿದ ರಾತ್ರಿ ಹಳೆಯ ಧರ್ಮಕೇಂದ್ರದ ಒಬ್ಬರಿಂದ ಅವನ ನಂಬರು ಪಡೆದು ಫೋನ್ ಮಾಡಿದೆವು. ಈಗ ಅವನಿಗೆ ಇಬ್ಬರು ಮಕ್ಕಳು. ಯಾರೆಂದು ಹೇಳಿದಾಗ ಸ್ವಲ್ಪ ಹೊತ್ತು ಮಾತಿರಲಿಲ್ಲ. ತಪ್ಪಾಯಿತು, ಕ್ಷಮಿಸು ಎಂದೆವು. "ಅಯ್ಯೋ ಫಾದರ್, ಅದನ್ನು ಇನ್ನೂ ನೆನಪಿಟ್ಟುಕೊಂಡಿದ್ದೀರಾ?" ಎಂದು ನಕ್ಕ. ಆಮೇಲೆ ನಗದೆ ಹೇಳಿದ: "ಅಪ್ಪ ಕುಡಿದು ಬಂದ ರಾತ್ರಿ ನಾನು ಇಯರ್‌ಫೋನ್ ಹಾಕಿ ಆ ಹಾಡು ಜೋರು ಮಾಡುತ್ತಿದ್ದೆ ಫಾದರ್. ಅಮ್ಮನಿಗೆ ಹೊಡೆಯುವುದು ಕೇಳಬಾರದು ಅಂತ. ಅದು ಸುಟ್ಟ ದಿನ ರಾತ್ರಿಯೂ ಅಪ್ಪ ಕುಡಿದು ಬಂದಿದ್ದರು."

ಅವನ ತಂದೆ ಪ್ರತಿ ಭಾನುವಾರ ಮೊದಲನೇ ಪೂಜೆಗೆ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದವರು. ಹಬ್ಬದ ಮೆರವಣಿಗೆಯಲ್ಲಿ ಕೊಡೆ ಹಿಡಿಯುತ್ತಿದ್ದವರು. ನಾವು ಆ ಮನೆಗೆ ಮೂರು ಸಲ ಮನೆ ಆಶೀರ್ವಾದಕ್ಕೆ ಹೋಗಿದ್ದೆವು, ಕಾಫಿ ಕುಡಿದಿದ್ದೆವು.

ಫೋನ್ ಇಡುವ ಮೊದಲು, ಈಗಲೂ ಗಿಟಾರ್ ನುಡಿಸುತ್ತೀಯಾ ಎಂದು ಕೇಳಿದೆವು. ದೊಡ್ಡ ಮಗಳು ನುಡಿಸುತ್ತಾಳೆ ಎಂದ.

ಹದಿನೈದು ದಿನ ಮುಗಿದು ಆ ತಾಯಿ ಉತ್ತರ ಕೇಳಲು ಬಂದರು. ನಾವು ಮಗನನ್ನೂ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆವು. ಫೋನಿನ ವಿಷಯವನ್ನು ಬಿಡಲಿಲ್ಲ. ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಇದೆ ಎಂದರು. ಒಂದು ಭಾನುವಾರವಲ್ಲದ ದಿನ, ಹೇಳದೆ ಬಂದು ಕಾಫಿ ಕುಡಿಯುತ್ತೇವೆ ಎಂದೆವು. ಅಂಗಿಯ ವಿಷಯದಲ್ಲಿ ನಮ್ಮ ತೀರ್ಪು ಇಷ್ಟೇ: ಇಟ್ಟುಕೊಳ್ಳಲಿ, ಪೂಜೆಗೆ ಮಾತ್ರ ಬೇರೆ ಅಂಗಿ. ಹುಡುಗ ಒಪ್ಪಿದ, ಅವನ ಇನ್ನೊಂದು ಹಾಳೆ ಕೇಳಬೇಕೆಂಬ ಷರತ್ತಿನ ಮೇಲೆ.

ತಾಯಿ ಅಂಗಿಯನ್ನು ಮತ್ತೆ ಚೀಲಕ್ಕೆ ತುಂಬಿಕೊಂಡರು. ಮೆಟ್ಟಿಲಿಳಿದವರು ತಿರುಗಿ ನಿಂತು ಹೇಳಿದರು: "ಹಾಗಾದರೆ ಒಗೆಯುತ್ತೇನೆ ಫಾದರ್. ಆದರೆ ಉಲ್ಟಾ ಮಾಡಿಯೇ ಒಣಗಲು ಹಾಕುತ್ತೇನೆ, ಅತ್ತೆ ಹೆದರುತ್ತಾರೆ."